ಗ್ರೋನಿಂಗೆನ್: ಬೈಸಿಕಲ್ಲುಗಳ ವಿದ್ಯಾನಗರ

ಆಮ್‌ಸ್ಟರ್‌ಡಾಮಿನಿಂದ ಈಶಾನ್ಯಕ್ಕೆ ಹೊರಟ ರೈಲು ಎರಡು ಗಂಟೆಗೂ ಮಿಕ್ಕಿ ಓಡುತ್ತದೆ. ಎರಡು ಮಗ್ಗುಲಲ್ಲಿಯೂ ಹಸಿರು ಹುಲ್ಲುಗಾವಲು, ದಾರ ಹಿಡಿದು ಗೆರೆ ಎಳೆದಂತಹ ಕಾಲುವೆಗಳು, ಕಪ್ಪು ಬಿಳುಪಿನ ಹಸುಗಳು. ಗುಡ್ಡವೆಂಬುದು ಹೆಸರಿಗೂ ಇಲ್ಲ. ಕಡೆಗೆ, ಮನೆಗಳ ಮಾಡುಗಳ ಮೇಲೆ, 97 ಮೀಟರು ಎತ್ತರದ ಮಾರ್ಟಿನಿ ಗೋಪುರ ತಲೆಯೆತ್ತುತ್ತದೆ. ಅದೇ ನೆದರ್ಲೆಂಡ್ಸಿನ ಉತ್ತರ ಸೀಮೆಯ ರಾಜಧಾನಿಯಾದ ಗ್ರೋನಿಂಗೆನ್ ನಗರ.

1896ರಲ್ಲಿ ಕಟ್ಟಿದ ಸುಂದರವಾದ ನಿಲ್ದಾಣದಿಂದ ಹೊರಬಂದ ಯಾತ್ರಿಕನನ್ನು ಮೊದಲು ಎದುರುಗೊಳ್ಳುವುದು ಟ್ಯಾಕ್ಸಿಯವರ ಕೂಗಲ್ಲ, ಬೈಸಿಕಲ್ಲುಗಳ ಕಾಡು. ನಿಲ್ದಾಣದ ಸುತ್ತ ಸುಮಾರು 10 ಸಾವಿರ ಬೈಸಿಕಲ್ಲುಗಳನ್ನು ನಿಲ್ಲಿಸಲು ಸ್ಥಳವಿದೆ. ಆದರೂ ಸಾಲದೆಂಬ ದೂರು ಇದ್ದೇ ಇದೆ. ಊರಿನಲ್ಲಿ ಎರಡೂಕಾಲು ಲಕ್ಷಕ್ಕೂ ಹೆಚ್ಚು ಜನ; ಅವರಲ್ಲಿ ಬಹು ದೊಡ್ಡ ಪಾಲು ವಿದ್ಯಾರ್ಥಿಗಳು. ಇಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1614ರಲ್ಲಿ. ನಗರವಾಸಿಗಳು ಮಾಡುವ ಪ್ರಯಾಣಗಳಲ್ಲಿ ನೂರಕ್ಕೆ 60ರಷ್ಟು ಬೈಸಿಕಲ್ಲಿನ ಮೇಲೆಯೇ ನಡೆಯುತ್ತವೆಂದು ಅಂದಾಜು. ಪ್ರಾಧ್ಯಾಪಕರು, ಬಾಣಂತಿಯರು, ನ್ಯಾಯವಾದಿಗಳು, ಮೀನು ಕೊಳ್ಳಬಂದ ಮುದುಕಿಯರು, ಎಲ್ಲರೂ ಎದುರುಗಾಳಿಗೆ ಬೆನ್ನು ಬಾಗಿಸಿ ಪೆಡಲು ತುಳಿಯುವವರೇ. ಬೆಟ್ಟವಿಲ್ಲದ ನಾಡಿನಲ್ಲಿ ಗಾಳಿಯೇ ಬೆಟ್ಟ.

ಹಾಲೆಂಡಿನವರು ಹುಟ್ಟುತ್ತಲೇ ಬೈಸಿಕಲ್ ಪ್ರಿಯರು, ಇದರಲ್ಲೇನು ಸೋಜಿಗವೆಂದು ಕೇಳುವವರುಂಟು. ಈ ನಗರದ ಚರಿತ್ರೆ ಆ ಮಾತನ್ನು ಒಪ್ಪುವುದಿಲ್ಲ. 1945ರ ಏಪ್ರಿಲಿನ ಕದನದಲ್ಲಿ ಊರಿನ ನಡುವಣ ದೊಡ್ಡ ಚೌಕವಾದ ಗ್ರೋಟ ಮಾರ್ಕ್ಟಿನ ಒಂದು ಭಾಗ ಬೂದಿಯಾಯಿತು. ಯುದ್ಧಾನಂತರದ ಸಂಪತ್ತಿನೊಡನೆ ಕಾರುಗಳು ಬಂದವು. ಚೌಕ ಅವುಗಳ ಹಾದಿಯಾಯಿತು, ತಂಗುದಾಣವಾಯಿತು. ದೇಶದಾದ್ಯಂತ ಇದೇ ಕಥೆ. 1971ನೆಯ ಒಂದೇ ವರ್ಷದಲ್ಲಿ ನೆದರ್ಲೆಂಡ್ಸಿನ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಮರುವರ್ಷ ‘ಶಿಶುಹತ್ಯೆ ನಿಲ್ಲಿಸಿ’ ಎಂಬ ಕಠೋರವಾದ ಹೆಸರಿನ ಚಳವಳಿಯನ್ನು ತಂದೆತಾಯಿಗಳು ಹೂಡಿದರು. 1973ರ ನವೆಂಬರಿನಲ್ಲಿ ಅರಬ್ ರಾಷ್ಟ್ರಗಳ ತೈಲನಿರ್ಬಂಧದಿಂದಾಗಿ ಸರ್ಕಾರ ಭಾನುವಾರಗಳಲ್ಲಿ ಕಾರು ಓಡಿಸುವುದನ್ನೇ ನಿಷೇಧಿಸಿತು. ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ಆಡಿದರು. ರಸ್ತೆ ಹೀಗೂ ಇರಬಹುದೆಂಬುದನ್ನು ಜನ ಕಣ್ಣಾರೆ ಕಂಡರು.

ಈ ವೇಳೆಗೆ ಗ್ರೋನಿಂಗೆನ್ನಿನ ಪುರಸಭೆಯಲ್ಲಿ ಎಳೆಯರ ಕೈಗೆ ಅಧಿಕಾರ ಬಂದಿತ್ತು. ಅವರ ಮುಂದಾಳು ಮಾಕ್ಸ್ ಫಾನ್ ಡೆನ್ ಬೆರ್ಖ್. 1946ರಲ್ಲಿ ಹುಟ್ಟಿದ ಆತ ಇಪ್ಪತ್ತರ ಹರೆಯದಲ್ಲಿಯೇ ಪುರಾಡಳಿತದ ಹೊಣೆ ಹೊತ್ತವನು. ಅವನೂ ಅವನ ಸಂಗಡಿಗರೂ ರೂಪಿಸಿದ ಯೋಜನೆ 1977ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಅದರ ಸ್ವಾರಸ್ಯ ಅದರ ಸರಳತೆಯಲ್ಲಿದೆ. ಊರಿನ ನಡುಭಾಗವನ್ನು ನಾಲ್ಕು ಹೋಳಾಗಿ ವಿಂಗಡಿಸಿದರು. ಕಾರಿನವನು ಯಾವ ಹೋಳಿಗಾದರೂ ಹೋಗಬಹುದು. ಆದರೆ ಒಂದರಿಂದ ಮತ್ತೊಂದಕ್ಕೆ ನೇರವಾಗಿ ದಾಟುವಂತಿಲ್ಲ. ಹೊರಗಿನ ಸುತ್ತುರಸ್ತೆಗೆ ಹಿಂದಿರುಗಿ, ಬಳಸಿಕೊಂಡು, ಮತ್ತೆ ಒಳಹೊಗಬೇಕು. ನಡೆಯುವವರಿಗೂ ಬೈಸಿಕಲ್ಲಿನವರಿಗೂ ಎಲ್ಲ ದಾರಿಗಳೂ ತೆರೆದಿದ್ದವು. ಮನೆ ಕೆಡವಲಿಲ್ಲ, ಸೇತುವೆ ಕಟ್ಟಲಿಲ್ಲ. ಬಹುಮಟ್ಟಿಗೆ ಫಲಕಗಳಿಂದಲೂ ಏಕಮುಖ ಸಂಚಾರದ ಕಟ್ಟಳೆಗಳಿಂದಲೂ ಕೆಲಸ ನಡೆದುಹೋಯಿತು. ಹತ್ತಿರದ ಊರುಗೆಲಸಕ್ಕೆ ಕಾರಿಗಿಂತ ಬೈಸಿಕಲ್ಲೇ ಬೇಗವೆನಿಸಿತು.

ಅಂದಿನಿಂದ ಈ ನಗರ ಪಂಡಿತರಿಗೆ ಒಂದು ತೆರೆದ ಪ್ರಯೋಗಶಾಲೆಯಾಗಿದೆ. ನೆಲ, ಗಾಳಿ, ಇಂಧನಗಳನ್ನು ಮುಂದಿನವರಿಗೂ ಉಳಿಸಿ ನಡೆಸುವ ಓಡಾಟಕ್ಕೆ ಇಂದು ಸುಸ್ಥಿರ ಸಂಚಾರವೆಂದು ಹೆಸರು. ಅದನ್ನು ಯಾವ ಒಂದು ಶಾಸ್ತ್ರವೂ ತನ್ನದೆಂದು ಹೇಳಿಕೊಳ್ಳಲಾರದೆಂಬುದಕ್ಕೆ ಗ್ರೋನಿಂಗೆನ್ನಿನ ಬೀದಿಗಳೇ ಸಾಕ್ಷಿ.

ಒಂದು ನಾಲ್ಕುದಾರಿಯ ಬಳಿ ನಿಂತರೆ ಸಾಕು. ಕಾರುಗಳಿಗೆಲ್ಲ ಕೆಂಪು ದೀಪ ಬಿದ್ದು, ನಾಲ್ಕು ದಿಕ್ಕಿನ ಬೈಸಿಕಲ್ಲುಗಳಿಗೂ ಒಮ್ಮೆಗೇ ಹಸಿರು ದೀಪ ಬೆಳಗುತ್ತದೆ. ನೂರಾರು ಸವಾರರು ಅಡ್ಡಡ್ಡಲಾಗಿ, ಮೂಲೆಯಿಂದ ಮೂಲೆಗೆ, ಒಬ್ಬರನ್ನೊಬ್ಬರು ಮುಟ್ಟದೆ ದಾಟಿಹೋಗುತ್ತಾರೆ. ಎಂಜಿನಿಯರನು ಇಲ್ಲಿ ಕ್ಷಣಗಳನ್ನು ಎಣಿಸುತ್ತಾನೆ. ಆದರೆ ಆ ಸವಾರರು ಕಣ್ಣಿನ ಸನ್ನೆಯಿಂದಲೇ ದಾರಿ ಬಿಟ್ಟುಕೊಡುವ ಬಗೆ ಅವನ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದು ಸಮಾಜಶಾಸ್ತ್ರಜ್ಞನ ಪಾಲು.

ಜನ ಕಾರನ್ನು ಏಕೆ ಬಿಡಲೊಲ್ಲರೆಂಬುದು ಮನಶ್ಶಾಸ್ತ್ರದ ಪ್ರಶ್ನೆ. ಇಲ್ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಲಿಂಡಾ ಸ್ಟೆಖ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾದುದು. ಕೆಲಸಕ್ಕೆ ಹೋಗಿಬರುವವರು ಕಾರನ್ನು ಎಷ್ಟು ಬಳಸುತ್ತಾರೆಂಬುದಕ್ಕೆ ಅದರ ಉಪಯೋಗಕ್ಕಿಂತ ಹೆಚ್ಚಾಗಿ ಅದು ಕೊಡುವ ಅಂತಸ್ತಿನ ಭಾವನೆಯೂ ಓಡಿಸುವ ಸುಖವೂ ಕಾರಣವೆಂದು ಅದು ಕಂಡುಕೊಂಡಿತು. ಖರ್ಚಿನ ಪಟ್ಟಿಯನ್ನು ಮುಂದೆ ಹಿಡಿದ ಮಾತ್ರಕ್ಕೆ ಮನುಷ್ಯ ಕಾರಿನಿಂದ ಇಳಿಯುವುದಿಲ್ಲವೆಂಬುದು ಇದರಿಂದ ತಿಳಿಯುವ ಪಾಠ.

ಅಂಗಡಿಬೀದಿಗೆ ಬಂದರೆ ಅರ್ಥಶಾಸ್ತ್ರ. 1977ರಲ್ಲಿ ಈ ಯೋಜನೆಯನ್ನು ಬಲವಾಗಿ ಎದುರಿಸಿದವರು ವರ್ತಕರು. ಅವರ ಭಯವನ್ನು ಹಾಸ್ಯಮಾಡುವಂತಿಲ್ಲ. ಗಿರಾಕಿಯ ಹೆಜ್ಜೆ ಬೇರೆ ಕಡೆ ತಿರುಗಿದರೆ ಸಂಸಾರವೇ ಬೀದಿಗೆ ಬೀಳುತ್ತದೆ. ಇಂದು ಆ ಬೀದಿಗಳು ತುಂಬಿ ತುಳುಕುತ್ತಿವೆ. ಹೂವು, ಗಿಣ್ಣು, ಮೀನುಗಳ ಸಂತೆಗೆ ಜನ ಮುಗಿಬೀಳುತ್ತಾರೆ. ಆದರೆ ಈ ಏಳಿಗೆಯಲ್ಲಿ ಯೋಜನೆಯ ಪಾಲೆಷ್ಟು, ವಿದ್ಯಾರ್ಥಿಗಳ ಸಂಖ್ಯೆ ಬೆಳೆದುದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಊರಿನ ವಾಯವ್ಯ ಅಂಚಿನಲ್ಲಿ, ಹಳೆಯ ಕೋಟೆದಿಣ್ಣೆಯ ಮೇಲೆ ನೂರ್ಡರ್‌ಪ್ಲಾಂಟ್‌ಸೂನ್ ಎಂಬ ಉದ್ಯಾನವಿದೆ. ಕೊಳಗಳ ನಡುವೆ ಹಾದುಹೋಗುವ ಅದರ ದಾರಿ ಒಂದು ಕಾಲಕ್ಕೆ ಕಾರುಗಳಿಗೆ ಅಡ್ಡಹಾದಿಯಾಗಿತ್ತು. ಅದನ್ನು ಮುಚ್ಚಬೇಕೆ ಬೇಡವೆ ಎಂದು 1994ರಲ್ಲಿ ಜನರ ಮತವನ್ನೇ ಕೇಳಿದರು. ಮುಚ್ಚಬೇಕೆಂದವರು ಅರ್ಧಕ್ಕಿಂತ ತುಸುವೇ ಹೆಚ್ಚು. ಇಂದು ಅಲ್ಲಿ ಬಾತುಗಳಿಗೆ ರೊಟ್ಟಿ ಹಾಕುವ ಮಕ್ಕಳನ್ನು ನೋಡಿದವರಿಗೆ ಇದರ ಬಗೆಗೂ ಜಗಳವಾಗಿತ್ತೆಂದರೆ ನಂಬಿಕೆ ಬಾರದು. ಒಳ್ಳೆಯ ರಸ್ತೆಗಳೂ ಕೂದಲೆಳೆಯಷ್ಟು ಬಹುಮತದಿಂದ ಹುಟ್ಟುತ್ತವೆಂಬ ಪಾಠ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ದೊರೆಯುತ್ತದೆ.

ಕಾನೂನಿಗೂ ಇಲ್ಲಿ ಮಾತಿದೆ. ನೆದರ್ಲೆಂಡ್ಸಿನ 1994ರ ರಸ್ತೆ ಸಂಚಾರ ಕಾಯಿದೆಯ 185ನೆಯ ವಿಧಿಯಂತೆ ಮೋಟಾರು ಗಾಡಿ ಬೈಸಿಕಲ್ಲಿಗೋ ಪಾದಚಾರಿಗೋ ಬಡಿದರೆ ನಷ್ಟದ ಹೊಣೆ ಸಾಮಾನ್ಯವಾಗಿ ಗಾಡಿಯ ಕಡೆಯದು; ತಪ್ಪಿಸಿಕೊಳ್ಳಲು ಆಗದ ಸಂದರ್ಭವಿತ್ತೆಂಬುದನ್ನು ಅವರೇ ತೋರಿಸಬೇಕು. ಬಲವುಳ್ಳವನಿಗೆ ಹೆಚ್ಚಿನ ಎಚ್ಚರ ಸಲ್ಲತಕ್ಕದ್ದೆಂಬ ನ್ಯಾಯ ಇದರ ಬೇರು.

ಹಾಗೆಂದು ಗ್ರೋನಿಂಗೆನ್ ಸ್ವರ್ಗವಲ್ಲ. ಊರಿನ ಮಧ್ಯದಲ್ಲಿಯೇ ಇರುವ ವಿಶ್ವವಿದ್ಯಾನಿಲಯದ ದೊಡ್ಡ ಆಸ್ಪತ್ರೆ ಇದರ ಇನ್ನೊಂದು ಮುಖವನ್ನು ನೆನಪಿಗೆ ತರುತ್ತದೆ. 2017ರಲ್ಲಿ ಆ ದೇಶದಲ್ಲಿ ಅಪಘಾತದಿಂದ ಮಡಿದ ಬೈಸಿಕಲ್ ಸವಾರರು 206. ಕಾರಿನಲ್ಲಿದ್ದು ಮಡಿದವರು 201. ಸವಾರರ ಸಾವು ಕಾರಿನವರದನ್ನು ಮೀರಿದ್ದು ಅದೇ ಮೊದಲು. ಹೀಗೆ ಸಾಯುವವರಲ್ಲಿ ಅನೇಕರು ವಯಸ್ಸಾದವರು. ವಿದ್ಯುತ್ ಬೈಸಿಕಲ್ಲು ಮುಪ್ಪಿನವರಿಗೆ ಕಾಲು ಕೊಟ್ಟಿದೆ. ಬಿದ್ದಾಗ ತಡೆದುಕೊಳ್ಳುವ ಎಲುಬನ್ನು ಕೊಟ್ಟಿಲ್ಲ. ಇದು ವೈದ್ಯನ ಪ್ರಶ್ನೆ. ನಡುವಿನಿಂದ ಹೊರದೂಡಿದ ಕಾರುಗಳು ಮಾಯವಾಗಲೂ ಇಲ್ಲ. ದಕ್ಷಿಣದ ಸುತ್ತುರಸ್ತೆಯನ್ನು ತಗ್ಗಿಸಿ ಹೊಸದಾಗಿ ಕಟ್ಟಲು ಇತ್ತೀಚೆಗೆ ಅನೇಕ ವರ್ಷಗಳೇ ಹಿಡಿದವು. ಸುತ್ತಲ ಹಳ್ಳಿಗಳಲ್ಲಿ ಮನೆಮಾಡಿ ಊರಿಗೆ ದುಡಿಯಲು ಬರುವವನಿಗೆ ಚೌಕದ ಸೊಗಸಿನಿಂದ ಸಿಕ್ಕಿದ್ದೇನು? ಇದು ಭೂಗೋಳಶಾಸ್ತ್ರಜ್ಞನ ಪ್ರಶ್ನೆ.

ಇಷ್ಟು ಶಾಸ್ತ್ರಗಳು ಬೇರೆ ಬೇರೆ ಭಾಷೆಯಲ್ಲಿ ಮಾತನಾಡುತ್ತವೆ. ಎಂಜಿನಿಯರನಿಗೆ ರಸ್ತೆ ಒಂದು ಪ್ರವಾಹ. ಅರ್ಥಶಾಸ್ತ್ರಜ್ಞನಿಗೆ ಒಂದು ಲೆಕ್ಕ. ವೈದ್ಯನಿಗೆ ಒಂದು ಗಾಯ. ಇವೆಲ್ಲ ಒಂದೆಡೆ ಕೂಡುವುದು ಗ್ರಂಥಾಲಯಕ್ಕಿಂತ ಮೊದಲು ಬೀದಿಯಲ್ಲಿ.

ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಕಾಲುವೆಯ ಸೇತುವೆಯ ಮೇಲೆ ನಿಂತವರಿಗೆ ಅದು ಅರಿವಾಗುತ್ತದೆ. ಚೀಲ ಬೆನ್ನಿಗೇರಿಸಿದ ಹುಡುಗರು ಗುಂಪುಗುಂಪಾಗಿ, ಹರಟುತ್ತ, ತಮ್ಮ ತಮ್ಮ ಬೈಸಿಕಲ್ಲುಗಳಲ್ಲಿ ಮನೆಗೆ ಹೊರಟಿರುತ್ತಾರೆ. ಬೈಸಿಕಲ್ಲಿನ ಮುಂದಣ ಪೆಟ್ಟಿಗೆಯಲ್ಲಿ ಕುಳಿತ ಕೂಸೊಂದು ತಾಯಿಯ ಬೆನ್ನಿಗೆ ಬೀಸುವ ಗಾಳಿಗೆ ನಗುತ್ತದೆ. 1971ರಲ್ಲಿ ಮನೆಗೆ ಹಿಂದಿರುಗದೆ ಹೋದ ಆ ನಾನೂರು ಮಕ್ಕಳ ಹೆಸರನ್ನು ಇವರಾರೂ ಕೇಳಿಲ್ಲ. ಆದರೆ ಇವರು ನಿರ್ಭಯವಾಗಿ ಸಾಗುವ ದಾರಿಯನ್ನು ತೆರೆಯಲು ನಾಡನ್ನು ಮೊದಲು ಎಚ್ಚರಿಸಿದ್ದು ಆ ಮಕ್ಕಳ ತಂದೆತಾಯಿಗಳ ದುಃಖವೇ.