ಒಂದೇ ಗೋಡೆ, ಎರಡು ಮನೆ

ನಮ್ಮ ಅಡುಗೆಮನೆಗೂ ಪಕ್ಕದ ಮನೆ ಆಂಟಿಯ ಅಡುಗೆಮನೆಗೂ ಇರುವುದು ಒಂದೇ ಗೋಡೆ. ಅದೂ ತೆಳ್ಳನೆಯ ಗೋಡೆ. ಅವರು ಒಗ್ಗರಣೆಗೆ ಸಾಸಿವೆ ಹಾಕಿದರೆ ಚಟಪಟ ನನಗೆ ಕೇಳಿಸುತ್ತೆ. ನಾನು ಫೋನ್ ನೋಡುತ್ತಾ ಕುಕ್ಕರ್ ಮರೆತರೆ, "ಐದಾಯ್ತು ಕಣಮ್ಮಾ, ಆಫ್ ಮಾಡು" ಅಂತ ಆ ಕಡೆಯಿಂದ ದನಿ ಬರುತ್ತೆ.

ಕೆಂಗೇರಿಯ ಹಳೇ ಭಾಗದಲ್ಲಿರುವ ವಠಾರ ನಮ್ಮದು. ಆರು ಮನೆ, ಒಂದು ಗೇಟು, ಒಂದು ಸಂಪು, ಒಂದು ಟೆರೇಸು. 2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂತಲ್ಲ, ಅದೇ ವರ್ಷ ನಾವೂ ಬಂದೆವು. ಆಗಷ್ಟೇ ಮದುವೆಯಾಗಿತ್ತು. ನನ್ನ ಗಂಡನ ಆಫೀಸು ಎಂ.ಜಿ. ರಸ್ತೆಯಲ್ಲಿ, ನೇರಳೆ ಮಾರ್ಗದಲ್ಲಿ ಒಂದೇ ರೈಲು. "ಒಂದು ವರ್ಷ ಅಡ್ಜಸ್ಟ್ ಮಾಡ್ಕೊಳ್ಳೋಣ, ಆಮೇಲೆ ಅಪಾರ್ಟ್‌ಮೆಂಟು" ಅಂದುಕೊಂಡಿದ್ದೆವು. ಇನ್ನೂ ಇಲ್ಲೇ ಇದ್ದೀವಿ.

ಮೊದಲ ಜಗಳ ಆಗಿದ್ದು ಮಿಕ್ಸಿಗೆ. ಆಂಟಿ ಬೆಳಿಗ್ಗೆ ಐದೂವರೆಗೆ ಚಟ್ನಿ ರುಬ್ಬುತ್ತಿದ್ದರು. ನನ್ನದು ಅಮೆರಿಕದ ಕ್ಲೈಂಟ್‌ಗಳ ಜೊತೆ ಕೆಲಸ, ಮಲಗುವಾಗಲೇ ರಾತ್ರಿ ಒಂದು ಗಂಟೆ. ಹದಿನೈದು ದಿನ ಹಲ್ಲು ಕಚ್ಚಿ ಸಹಿಸಿಕೊಂಡೆ. ಆಮೇಲೆ ಒಂದು ದಿನ ವಠಾರದ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ದಯವಿಟ್ಟು ಯಾರೂ 7 ಗಂಟೆಗೆ ಮೊದಲು ಮಿಕ್ಸಿ ಹಾಕಬೇಡಿ." ಕೊನೆಗೆ ಕೈಮುಗಿಯುವ ಎಮೋಜಿ. ಹೆಸರು ಹಾಕಿರಲಿಲ್ಲ. ಆದರೆ ಆರು ಮನೆಯಲ್ಲಿ ಯಾರಿಗೆ ಹೇಳಿದ್ದು ಅಂತ ಗೊತ್ತಾಗೋಕೆ ಹೆಸರು ಬೇಕಾ?

ಮೂರು ದಿನ ಆಂಟಿ ನನ್ನ ಮುಖ ನೋಡಲಿಲ್ಲ. ನಾಲ್ಕನೇ ದಿನ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಸಿಕ್ಕರು. ಕ್ಲಿಪ್ ಹಾಕುತ್ತಲೇ ಹೇಳಿದರು: "ನಮ್ಮ ಬಾಗಿಲಿಗೆ ನಾಲ್ಕು ಹೆಜ್ಜೆ ಇಲ್ಲ. ಬಂದು ಹೇಳಬಾರದಿತ್ತಾ? ರಾತ್ರಿ ಹನ್ನೆರಡಕ್ಕೆ ನೀನು ಇಂಗ್ಲಿಷಲ್ಲಿ ಮಾತಾಡೋದು ನಮ್ಮನೆಯವರ ಮಂಚದ ಪಕ್ಕಾನೇ ಕೇಳುತ್ತೆ. ನಾನು ಗ್ರೂಪಲ್ಲಿ ಹಾಕಿದ್ನಾ?"

ನನಗೆ ಉತ್ತರವೇ ಹೊರಡಲಿಲ್ಲ. ನಾನೂ ಒಂದು ಸದ್ದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಅವತ್ತೇ ಒಪ್ಪಂದವಾಯಿತು. ಮಿಕ್ಸಿ ಗೋಡೆ ಬಿಟ್ಟು ಆಚೆ ಕಟ್ಟೆಗೆ ಹೋಯಿತು, ಅದರ ಕೆಳಗೆ ಮಡಿಸಿದ ಹಳೇ ಟವೆಲ್ ಬಂತು. ರುಬ್ಬುವ ಕೆಲಸ ಹಿಂದಿನ ರಾತ್ರಿ ಎಂಟಕ್ಕೇ ಮುಗಿಯತೊಡಗಿತು. ನನ್ನ ಟೇಬಲ್ಲು ಹಾಲ್‌ನ ಇನ್ನೊಂದು ಮೂಲೆಗೆ ಹೋಯಿತು. ಖರ್ಚು ಸೊನ್ನೆ. ಅದಕ್ಕೆ ಬೇಕಾಗಿದ್ದು ಟೆರೇಸಿನ ಹತ್ತು ನಿಮಿಷದ ಮಾತು ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ದೊಡ್ಡಮ್ಮನ ಮಗಳಿಗೆ ಇದನ್ನು ಹೇಳಿ ನಗುತ್ತಿದ್ದೆ. ಅವಳು, "ಅಯ್ಯೋ, ನಮ್ಮ ಆರ್‌ವಿ ಟ್ರಿಪ್ಪೂ ಹಂಗೇ ಕಣೇ" ಅಂದಳು. ಆರ್‌ವಿ ಅಂದರೆ ಅಡುಗೆಮನೆ, ಹಾಸಿಗೆ, ಬಾತ್‌ರೂಮ್ ಎಲ್ಲ ಇರುವ ಮನೆಯಂಥ ವಾಹನ. ರಜೆ ಬಂತೆಂದರೆ ಕ್ಯಾಂಪ್‌ಗ್ರೌಂಡಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಜನ ಇರುತ್ತಾರೆ. ಕಾಡು ನೋಡೋಕೆ ಹೋದವಳಿಗೆ ಪಕ್ಕದವರ ಜನರೇಟರು, ನಾಯಿ, ಅವರ ಮಾವನ ಗೊರಕೆ ಎಲ್ಲದರ ಪರಿಚಯವಾಯಿತಂತೆ. ಅಲ್ಲಿ ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನದ ಕ್ಯಾಂಪುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಇನ್ನೊಬ್ಬರು ಬಿಡಾರ ಹೂಡಿದ ಜಾಗದ ನಡುವೆ ಹಾದುಹೋಗುವುದೂ ಮರ್ಯಾದೆಯಲ್ಲ.

ತಮಾಷೆ ಅಂದರೆ ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲೂ ರಾತ್ರಿ ಅಂದರೆ ಅದೇ 10ರಿಂದ 6. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿಯೂ ಇದೆ. ಆದರೆ ಈ ನಿಯಮಗಳೆಲ್ಲ ಸದ್ದು ಮಾಡುವವರಿಗೆ. ಕೇಳಿಸಿಕೊಂಡವರು ಏನು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ. ಅದನ್ನು ನಾನು ವಠಾರದಲ್ಲೇ ಕಲಿಯಬೇಕಾಯಿತು.

2023ರಲ್ಲಿ ನನ್ನ ಕೆಲಸ ಹೋಯಿತು. ಒಂದು ಮಧ್ಯಾಹ್ನ ವಿಡಿಯೊ ಕಾಲ್‌ನಲ್ಲಿ ಹದಿನೈದು ನಿಮಿಷ, ಅಷ್ಟೇ. ರಾತ್ರಿ ಗಂಡ ಬಂದ ಮೇಲೆ ಇಎಂಐ ವಿಷಯಕ್ಕೆ ಮಾತು ಶುರುವಾಗಿ, ಮಾತು ಜೋರಾಗಿ, ನಾನು ಅಡುಗೆಮನೆಗೆ ಹೋಗಿ ಅದೇ ಗೋಡೆಗೆ ಒರಗಿ ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ.

ಬೆಳಿಗ್ಗೆ ನೀರು ಹಿಡಿಯೋಕೆ ಹೋಗಲು ಹಿಂಜರಿಕೆ. ಆರೂ ಮನೆಗೆ ಕೇಳಿಸಿರುತ್ತೆ, ಏನಾದರೂ ಕೇಳಿದರೆ ಏನು ಹೇಳಲಿ? ಯಾರೂ ಏನೂ ಕೇಳಲಿಲ್ಲ. ಎದುರು ಮನೆಯವರು ಗ್ಯಾಸ್ ಬುಕ್ ಮಾಡುವ ಬಗ್ಗೆ ಮಾತಾಡಿದರು. ಆಂಟಿ ಮಳೆ ಬರುತ್ತೇನೋ ಅಂದರು. ಮಧ್ಯಾಹ್ನ ಬಾಗಿಲು ತಟ್ಟಿ ಒಂದು ಡಬ್ಬಿ ಬಸ್ಸಾರು, ಎರಡು ಮುದ್ದೆ ಕೈಗಿಟ್ಟು, "ಜಾಸ್ತಿ ಮಾಡ್ಬಿಟ್ಟೆ" ಅಂತ ಹೋದರು. ಮಾರನೇ ದಿನವೂ ಜಾಸ್ತಿಯಾಗಿತ್ತು. ಆ ವಾರವೆಲ್ಲ ಅವರಿಗೆ ಅಡುಗೆಯ ಅಳತೆಯೇ ತಪ್ಪಿತ್ತು.

ಆಮೇಲೆ ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಹಿಂದಿನ ಮನೆಯ ಹುಡುಗ ಸೆಕೆಂಡ್ ಪಿಯುನಲ್ಲಿ ಫೇಲಾಗಿ ಅಪ್ಪನ ಹತ್ತಿರ ಬೈಸಿಕೊಂಡಿದ್ದು ಕೇಳಿಸಿತು, ಮಾರನೇ ದಿನ ಅವನ ಜೊತೆ ಕ್ರಿಕೆಟ್ ಮಾತಾಡಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗ ಬೆಳಿಗ್ಗೆ ನಾಲ್ಕಕ್ಕೆ ಯಾರೋ ಸಂಪಿನಿಂದ ಎರಡು ಬಿಂದಿಗೆ ಹೆಚ್ಚಿಗೆ ತುಂಬಿಸಿಕೊಳ್ಳುವ ಸದ್ದು ಕೇಳುತ್ತಿತ್ತು. ಯಾರು ಅಂತ ಗೊತ್ತಿತ್ತು. ಅವರ ಮನೆಯಲ್ಲಿ ಬಾಣಂತಿ ಇದ್ದಳು. ಯಾರೂ ಬಾಯಿಬಿಡಲಿಲ್ಲ. ಕೇಳಿಸಿದರೂ ಕೇಳಿಸದ ಹಾಗೆ ಇರುವುದು ಈ ವಠಾರದ ದೊಡ್ಡ ಮರ್ಯಾದೆ ಅಂತ ನನಗೆ ನಂಬಿಕೆ ಬಂತು.

ಆ ನಂಬಿಕೆಗೆ ಪೆಟ್ಟು ಬಿದ್ದಿದ್ದು ಕಳೆದ ಆಷಾಢದಲ್ಲಿ. ಆಂಟಿ ತಂಗಿಯ ಮನೆಗೆ ಅಂತ ಚನ್ನಪಟ್ಟಣಕ್ಕೆ ಹೋಗಿದ್ದರು. ಅಂಕಲ್ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಮಾತು ಕಡಿಮೆ. ರಾತ್ರಿ ಹನ್ನೊಂದರ ಸುಮಾರಿಗೆ ಆ ಕಡೆ ದಡ್ ಅಂತ ಸದ್ದಾಯಿತು. ಆಮೇಲೆ ನಲ್ಲಿ ನೀರು ಬೀಳುವ ಸದ್ದು. ಅದು ನಿಲ್ಲಲೇ ಇಲ್ಲ.

ನಾನು ಎದ್ದು ನಿಂತೆ. ಮತ್ತೆ ಕೂತೆ. ಬಕೆಟ್ ಬಿದ್ದಿರಬಹುದು. ಸ್ನಾನಕ್ಕೆ ಹೋಗಿರಬಹುದು. ಗಂಡನಿಗೆ ನೈಟ್ ಶಿಫ್ಟು, ಮನೆಯಲ್ಲಿಲ್ಲ. ಒಬ್ಬರೇ ಇರುವ ಗಂಡಸರ ಮನೆ ಬಾಗಿಲನ್ನು ಈ ಹೊತ್ತಿನಲ್ಲಿ ಹೇಗೆ ತಟ್ಟಲಿ? ನಮ್ಮದಲ್ಲದ ಸದ್ದಿಗೆ ಕಿವಿ ಕೊಡಬಾರದು ಅಂತ ನಾನೇ ಕಲಿತಿದ್ದೆನಲ್ಲ? ಹೀಗೆ ಹತ್ತು ನಿಮಿಷ ಕಳೆದೆ. ನಲ್ಲಿ ಸುರಿಯುತ್ತಲೇ ಇತ್ತು. ನೀರಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ಅಂಕಲ್ ಹೀಗೆ ಬಿಡುವವರಲ್ಲ ಅನ್ನಿಸಿದಾಗ ಓಡಿದೆ.

ಕರೆದೆ, ಬಾಗಿಲು ತಟ್ಟಿದೆ, ಉತ್ತರವಿಲ್ಲ. ಎದುರು ಮನೆಯವರನ್ನೂ ಓನರ್ ಅಂಕಲ್‌ನೂ ಎಬ್ಬಿಸಿದೆ. ಚಿಲಕ ಮೀಟಿ ಒಳಗೆ ಹೋದರೆ ಬಾತ್‌ರೂಮಿನಲ್ಲಿ ಬಿದ್ದಿದ್ದರು. ಪ್ರಜ್ಞೆ ಇತ್ತು, ಏಳೋಕೆ ಆಗುತ್ತಿರಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಈಗ ವಾಕರ್ ಹಿಡಿದು ಗೇಟಿನವರೆಗೆ ಬರುತ್ತಾರೆ.

ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮಾತ್ರ ಆ ಹತ್ತು ನಿಮಿಷದ್ದೇ ಕೊರಗು. ಬಿದ್ದ ಮೇಲೆ ಅಂಕಲ್ ನನ್ನನ್ನು ಕರೆದಿದ್ದರಂತೆ. ನೀರಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಒಂದು ದಿನ ತಡೆಯಲಾರದೆ ಆಂಟಿಗೆ ಹೇಳಿಬಿಟ್ಟೆ: "ಸದ್ದು ಕೇಳಿಸಿದ ತಕ್ಷಣ ಬರಲಿಲ್ಲ ಆಂಟಿ, ಯೋಚನೆ ಮಾಡ್ತಾ ಕೂತಿದ್ದೆ."

ಅವರು ಅವರೆಕಾಳು ಸುಲಿಯುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಅತ್ತಿದ್ದೆಯಲ್ಲ ಒಂದು ರಾತ್ರಿ, ಅವತ್ತು ನಾನು ನಿಮ್ಮ ಬಾಗಿಲವರೆಗೂ ಬಂದಿದ್ದೆ ಕಣಮ್ಮ. ತಟ್ಟೋಕೆ ಕೈ ಎತ್ತಿ ವಾಪಸ್ ಹೋದೆ. ಗಂಡ ಹೆಂಡ್ತಿ ವಿಷಯ, ನಾನ್ಯಾಕೆ ಅಂತ. ಬೆಳಗಿನ ತನಕ ನಿದ್ದೆ ಇಲ್ಲ. ಏನಾದರೂ ಮಾಡ್ಕೊಂಡ್ಬಿಟ್ರೆ ಅಂತ ಗೋಡೆಗೆ ಕಿವಿ ಇಟ್ಟುಕೊಂಡು ಕೂತಿದ್ದೆ" ಅಂದರು.

ಕೇಳಿಸದ ಹಾಗಿದ್ದರು ಅಂತ ನಾನು ತಿಳಿದಿದ್ದ ರಾತ್ರಿ ಅವರು ಇಡೀ ಹೊತ್ತು ಕೇಳಿಸಿಕೊಂಡೇ ಕೂತಿದ್ದರು.

ನಾವಿಬ್ಬರೂ ಸೇರಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಅನುಮಾನ ಬಂದರೆ ಗೋಡೆಗೆ ಎರಡು ಸಲ ತಟ್ಟುವುದು. ಆ ಕಡೆಯಿಂದ ಎರಡು ಸಲ ವಾಪಸ್ ತಟ್ಟಿದರೆ ಎಲ್ಲ ಸರಿಯಿದೆ, ಪ್ರಶ್ನೆ ಕೇಳುವಂತಿಲ್ಲ. ತಟ್ಟದಿದ್ದರೆ ಗಂಟೆ ಎಷ್ಟೇ ಆಗಿರಲಿ ಬಾಗಿಲಿಗೆ ಹೋಗುವುದು. ಅವರ ಮನೆಯ ಒಂದು ಬೀಗದ ಕೈ ನಮ್ಮ ಮಸಾಲೆ ಡಬ್ಬಿಯ ಹಿಂದೆ ಇದೆ, ನಮ್ಮದು ಅವರ ದೇವರ ಗೂಡಿನಲ್ಲಿ. ಅಂಕಲ್‌ಗೂ ಹೇಳಿಕೊಟ್ಟಿದ್ದೇವೆ. ಬಾತ್‌ರೂಮಿಗೆ ಹೋಗುವಾಗ ಚಿಲಕ ಹಾಕಿಕೊಳ್ಳುವುದನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ.

ಮೊನ್ನೆ ರಾತ್ರಿ ನಾನೂ ನನ್ನ ಗಂಡನೂ ಮತ್ತೆ ಜೋರಾಗಿಯೇ ಮಾತಾಡುತ್ತಿದ್ದೆವು. ಅಪಾರ್ಟ್‌ಮೆಂಟ್ ನೋಡೋಕೆ ಹೋಗಬೇಕಾ ಬೇಡವಾ ಅಂತ. ಗೋಡೆ ಎರಡು ಸಲ ಸದ್ದು ಮಾಡಿತು. ಇಬ್ಬರೂ ಮಾತು ನಿಲ್ಲಿಸಿದೆವು. ನನ್ನ ಗಂಡನೇ ಎದ್ದು ಹೋಗಿ ಎರಡು ಸಲ ತಟ್ಟಿ ಬಂದ.