ಟೇಲರ್ ಮಂಜಿಲಿನ ಗೋಡೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದು ಕಳುಹಬೇಕೆಂದು ಅಪ್ಪಣೆಯಾದಾಗ, ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು ಗೆಳತಿಯರು ಕೂಡಿ ಆಲೋಚಿಸಿದೆವು. ಬಹುಮಾನಗಳ ಸಂಗತಿಯನ್ನೂ ಹಾಡು ನಾಟಕಗಳ ಸಂಗತಿಯನ್ನೂ ಬರೆಯುವವರು ಬೇರೆ ಇರುವರು. ನಾವು ನಮ್ಮ ಒಂದು ತಪ್ಪಿನ ವಿಷಯವನ್ನೇ ಬರೆಯುವುದು ಲೇಸೆಂದು ತೋರಿತು.

ನಾವು ಏಳನೆಯ ತರಗತಿಯಲ್ಲಿದ್ದಾಗ ಯಾದಗಿರಿಯಿಂದ ಹೊರಟು, ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲನ್ನು ದಾರಿಯಿಂದಲೇ ನೋಡಿ, ಸುರಪುರಕ್ಕೆ ಪ್ರವಾಸ ಹೋದೆವು. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಉಂಟಷ್ಟೆ. ಅಕ್ಕನವರು ಅದರ ಚರಿತ್ರೆಯನ್ನು ಹೇಳುತ್ತಿರಲು, ನಾವು ಮೂವರು ಹಿಂದಕ್ಕೆ ಸರಿದು, ತಲೆಯ ಪಿನ್ನಿನಿಂದ ಗೋಡೆಯ ಗಾರೆಯ ಮೇಲೆ ನಮ್ಮ ಹೆಸರುಗಳನ್ನು ಕೆತ್ತಿದೆವು. ಅಕ್ಕನವರು ಕಂಡರು, ಹೊಡೆಯಲಿಲ್ಲ, ಬಯ್ಯಲಿಲ್ಲ. "ನಿಮ್ಮ ಮನೆಗೆ ಬಂದ ನೆಂಟರು ಹೀಗೆ ಮಾಡಿದರೆ ನಿಮ್ಮ ತಾಯಿಯವರು ಏನೆನ್ನುವರು?" ಎಂದು ಮಾತ್ರ ಕೇಳಿದರು. ನಮ್ಮಲ್ಲೊಬ್ಬಳು, "ಇದು ಯಾರ ಮನೆಯೂ ಅಲ್ಲವಲ್ಲಾ ಅಕ್ಕೋರೆ, ಸಾಹೇಬರು ಎಂದೋ ಹೋದರು," ಎಂದು ಉತ್ತರವಿತ್ತಳು. ಅಕ್ಕನವರು, "ಹಾಗಾದರೆ ಯಾರ ಮನೆಯೆಂದು ತಿಳಿದುಕೊಂಡು ಬನ್ನಿರಿ," ಎಂದು ಸುಮ್ಮನಾದರು.

ಆ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಬಹಳ ವರ್ಷಗಳೇ ಹಿಡಿದವು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಹಿಂದೂಸ್ಥಾನಕ್ಕೆ ಬಂದು, ಹೈದರಾಬಾದು ನಿಜಾಮರ ಸೈನ್ಯವನ್ನು ಸೇರಿದವರು. ಸುರಪುರದ ಸಂಸ್ಥಾನದಲ್ಲಿ ಪಟ್ಟಕ್ಕೆ ಬರಬೇಕಾದ ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದುದರಿಂದ, 1841ರಲ್ಲಿ ಟೇಲರರನ್ನು ಇಲ್ಲಿಗೆ ಕಳುಹಿದರು. 1853ರ ವರೆಗೆ ಅವರು ಇಲ್ಲಿಯ ಆಡಳಿತವನ್ನು ನೋಡಿಕೊಂಡರು. ಆ ಕಾಲದಲ್ಲಿಯೇ ಈ ಬಂಗಲೆ ಎದ್ದಿತು. ಬಾಲ ಅರಸರು ಅವರನ್ನು 'ಅಪ್ಪಾ' ಎಂದು ಕರೆಯುತ್ತಿದ್ದರು. 1858ರಲ್ಲಿ ಅದೇ ಅರಸರು ಆಂಗ್ಲರ ವಿರುದ್ಧ ಎದ್ದವರೆಂದು ಸೆರೆಯಾಗಿ, ಗುಂಡು ತಗುಲಿ ಮಡಿದರು. ತಾವೇ ಗುಂಡು ಹಾರಿಸಿಕೊಂಡರೆಂಬುದು ಟೇಲರರ ಬರಹ. ಸುರಪುರದ ಜನರು ಅದನ್ನು ಹಾಗೆಂದು ಒಪ್ಪುವುದಿಲ್ಲ. ಅಪ್ಪಾ ಎಂಬ ಕರೆಯೂ ಆ ಗುಂಡಿನ ಶಬ್ದವೂ ಎರಡೂ ಈ ಮನೆಯ ಕಥೆಯೇ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯನ್ನು ಓದಿದಾಗ ನಾವು ನಿಜವಾಗಿ ತಲೆ ತಗ್ಗಿಸಿದೆವು. ಈ ಸೀಮೆಯ ರಾಜನಕೋಳೂರಿನಲ್ಲಿ ಬಂಡೆಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಅತಿ ಪ್ರಾಚೀನ ಕಲ್ಲುಗೋರಿಗಳಿವೆ. ಯಾರ ಮನೆಯೂ ಅಲ್ಲದ ಅವುಗಳನ್ನು ಟೇಲರರು ಪರೀಕ್ಷಿಸಿ, ವಿದ್ವಾಂಸರಿಗೆ ತಿಳಿಯುವಂತೆ ಬರೆದಿಟ್ಟರು. ಪರದೇಶದವರು ನಮ್ಮ ಪೂರ್ವಿಕರ ಕಲ್ಲುಗಳನ್ನು ಅಷ್ಟು ಆದರದಿಂದ ನೋಡಿದ್ದರೆ, ನಾವು ಅವರ ಗೋಡೆಯನ್ನು ಪಿನ್ನಿನಿಂದ ಗೀಚಿದೆವು!

ಅವರ ದೇಶದಲ್ಲಿ ಹಳೆಯ ಜಮೀನುದಾರರ ಮನೆಗಳಿಗೆ ಮ್ಯಾನರ್ ಎನ್ನುವರು. ನಮ್ಮ ಗೌಡರ ವಾಡೆಗಳನ್ನು ನೆನೆದರೆ ಅರ್ಥವಾದೀತು. ಕಳೆದ ಶತಮಾನದಲ್ಲಿ ತೆರಿಗೆ ಹೆಚ್ಚಿ, ಆಳುಕಾಳುಗಳು ಕಡಿಮೆಯಾಗಿ, ಅಂಥ ನೂರಾರು ಮನೆಗಳು ಅಲ್ಲಿಯೂ ನೆಲಸಮವಾದವು. ಕಣ್ಣೆದುರಿಗೆ ಹಾಳಾಗುವುದನ್ನು ಕಂಡ ಮೇಲೆಯೇ ಜನರು ಎಚ್ಚತ್ತರು. ಒಕ್ಟೇವಿಯಾ ಹಿಲ್ ಎಂಬ ಮಹಿಳೆಯೂ ಸೇರಿ ಮೂವರು 1895ರಲ್ಲಿ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ಮುಂದೆ ಅನೇಕ ಮನೆಗಳನ್ನು ಉಳಿಸಿತು. 1947ರ ಕಾಯಿದೆಯು ಹಳೆಯ ಕಟ್ಟಡಗಳ ಪಟ್ಟಿ ಮಾಡುವುದನ್ನು ಸರಕಾರದ ಕರ್ತವ್ಯವನ್ನಾಗಿಸಿತು. ಈಗ ಪಟ್ಟಿಯಲ್ಲಿರುವ ಮನೆಯ ರೂಪವನ್ನು ಯಜಮಾನನೇ ಆದರೂ ಅನುಮತಿಯಿಲ್ಲದೆ ಬದಲಿಸುವಂತಿಲ್ಲ.

ನಮ್ಮಲ್ಲಿಯೂ 1958ರ ಕೇಂದ್ರದ ಕಾಯಿದೆಯೂ 1961ರ ರಾಜ್ಯದ ಕಾಯಿದೆಯೂ ಉಂಟು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವನ್ನು ಕೆಡಿಸಿದವರಿಗೆ 2010ರ ತಿದ್ದುಪಡಿಯ ಮೇರೆಗೆ ಎರಡು ವರ್ಷಗಳ ವರೆಗೆ ಸೆರೆಮನೆಯಾಗಬಹುದು. ಆದರೆ ಹಳೆಯ ಮನೆಗಳನ್ನೆಲ್ಲ ಕಾಯಿದೆಯೊಂದೇ ಕಾಯಲಾರದು. ಹಳೆಯ ಗಾರೆ ಸುಣ್ಣದ್ದು. ಗೋಡೆಯೊಳಗಿನ ತೇವವನ್ನು ಅದು ಮೆಲ್ಲಗೆ ಹೊರಕ್ಕೆ ಬಿಡುತ್ತದೆ. ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ಸಿಕ್ಕಿ, ಗೋಡೆಯು ಒಳಗಿನಿಂದಲೇ ಸಡಿಲುವುದು. ಅರಿಯದೆ ಮಾಡಿದ ಉಪಕಾರವೂ ಗೀಚುವ ಪಿನ್ನಿನಷ್ಟೇ ಅಪಕಾರಿಯಾಗಬಲ್ಲುದು.

ಕೆಲವು ಕಾಲದ ಹಿಂದೆ ನಾವು ಮೂವರು ಪುನಃ ಆ ಗುಡ್ಡವನ್ನು ಹತ್ತಿದೆವು. ನಮ್ಮಲ್ಲೊಬ್ಬರ ಮಗಳೂ ಜೊತೆಗೆ ಬಂದಿದ್ದಳು. ನಮ್ಮ ಹೆಸರುಗಳನ್ನು ಹುಡುಕಿದೆವು. ಸುಣ್ಣದ ಪದರುಗಳ ಕೆಳಗೆ ಅವು ಮುಚ್ಚಿಹೋಗಿದ್ದವು. ಗೋಡೆಯು ನಮ್ಮನ್ನು ಕ್ಷಮಿಸಿದಂತಿತ್ತು. ನಮ್ಮ ಮನಸ್ಸು ಮಾತ್ರ ಕ್ಷಮಿಸಲಿಲ್ಲ. ಹುಡುಗಿಯು, "ಅವ್ವಾ, ನಮ್ಮನ್ನು ಆಳಿದವರ ಮನೆಯನ್ನು ನಾವೇಕೆ ಕಾಯಬೇಕು?" ಎಂದು ಕೇಳಿದಳು. ಅಕ್ಕನವರ ಪ್ರಶ್ನೆಯೇ ತಿರುಗಿ ಬಂದಂತಾಯಿತು. ಅವಳ ತಾಯಿಯು, "ಕಟ್ಟಿಸಿದವರು ಅವರಾದರೂ ಕಲ್ಲು ಹೊತ್ತವರು, ಗಾರೆ ಅರೆದವರು ಈ ಸೀಮೆಯ ತಂದೆತಾಯಿಗಳೇ ಅಲ್ಲವೇ, ಮಗಳೇ? ನಮ್ಮ ಬಾಲ ಅರಸರ ಕಥೆಯೂ ಇಲ್ಲಿಯೇ ಉಳಿದಿದೆ. ಗೋಡೆ ಬಿದ್ದರೆ ಆ ಕಥೆಯನ್ನು ಕೇಳುವವರೂ ಇಲ್ಲವಾಗುವರು," ಎಂದಳು.

ಅಕ್ಕನವರು ಈಗಿಲ್ಲ. ಅವರಿಗೆ ಒಪ್ಪಿಸಬೇಕಾಗಿದ್ದ ಉತ್ತರವನ್ನು ಈ ಪುಟದಲ್ಲಿ ಒಪ್ಪಿಸುತ್ತೇವೆ: ಅದು ನಮ್ಮ ಮನೆ. ಮಕ್ಕಳನ್ನು ಪ್ರವಾಸಕ್ಕೆ ಕಳುಹುವ ತಾಯಿತಂದೆಗಳು ಬುತ್ತಿಯೊಡನೆ ಈ ಮಾತನ್ನೂ ಕಟ್ಟಿಕೊಡಬೇಕೆಂದು ನಮ್ಮ ವಿನಂತಿ.