ಒಂದು ಜಿಬಿ ಹಾಡು

‘ಇಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡಲಾಗುವುದು.’ ಹಾಸನ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಹೊಳೆನರಸೀಪುರದ ಪೇಟೆಯಲ್ಲಿ, ಅರಕಲಗೂಡು, ಚನ್ನರಾಯಪಟ್ಟಣದ ಮೊಬೈಲ್ ಅಂಗಡಿಗಳ ಗಾಜಿನ ಮೇಲೆ ಹೀಗೊಂದು ಚೀಟಿ ಅಂಟಿರದಿದ್ದರೆ ಅದು ಅಂಗಡಿಯೇ ಅಲ್ಲ ಅನ್ನುವಂಥ ಕಾಲವಿತ್ತು. ಉಗುರಿನಗಲದ ಕಾರ್ಡು ಕೊಟ್ಟು, ಹತ್ತಿಪ್ಪತ್ತು ರೂಪಾಯಿ ಇಟ್ಟು, ಪಕ್ಕದಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಹಾಡು ತುಂಬಿರುತ್ತಿತ್ತು. 128 ಕೆಬಿಪಿಎಸ್‌ನ ಎಂಪಿ3 ಅಂದರೆ ನಿಮಿಷಕ್ಕೆ ಸುಮಾರು ಒಂದು ಎಂಬಿ. ಒಂದು ಜಿಬಿಗೆ ಇನ್ನೂರಕ್ಕೂ ಮೇಲೆ ಹಾಡು. ಹೊಲದ ಕೆಲಸಕ್ಕೆ ಅಷ್ಟು ಬೇಕಾದಷ್ಟಾಯಿತು.

ಕಂಪ್ಯೂಟರ್ ಮುಂದೆ ಕೂತ ಹುಡುಗ ಬಂದವರ ಮುಖ ಒಮ್ಮೆ ನೋಡುತ್ತಿದ್ದ. ‘ಹೊಸದು ಹಾಕ್ಲಾ, ಹಳೇದಾ ಅಣ್ಣ?’ ‘ಹಳೇದೇ ಹಾಕಪ್ಪ. ಮೊದ್ಲು ಒಂದೆರಡು ದೇವ್ರುದಿರ್ಲಿ.’ ಅಷ್ಟೇ ಮಾತು. ಅಣ್ಣಾವ್ರು, ಅಪ್ಪು, ಜಾನಪದ, ಭಕ್ತಿಗೀತೆ ಎಂದು ಅವನ ಫೋಲ್ಡರುಗಳು ಸಿದ್ಧವಿರುತ್ತಿದ್ದವು. ಮದುವೆ ಗೊತ್ತಾದ ಹುಡುಗ ಬಂದರೆ ಕೇಳುವ ಗೋಜೇ ಇಲ್ಲ, ಮನೋಮೂರ್ತಿ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯನ್ನು ಒಂದಷ್ಟು ತೆಗೆದದ್ದು ನಮ್ಮ ಸಕಲೇಶಪುರದಲ್ಲೇ; ಅದಿಲ್ಲದ ಕಾರ್ಡನ್ನು ನಾನಂತೂ ಕಂಡಿಲ್ಲ. ಸಿ. ಅಶ್ವಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ ಅವರು ತೀರಿಕೊಂಡ ಮೇಲೆ ಮೇಷ್ಟ್ರುಗಳೂ ಕಾರ್ಡು ಹಿಡಿದು ಬಂದು ಭಾವಗೀತೆ ಕೇಳತೊಡಗಿದರು.

ಆ ಹಾಡುಗಳಿಗೆ ನಿಜವಾದ ಕೆಲಸವಿದ್ದದ್ದು ರಾತ್ರಿ. ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್‌ನ ಒಲೆಗೆ ರಾತ್ರಿಯಿಡೀ ಸೌದೆ ಒಟ್ಟುತ್ತಿರಬೇಕು. ಕಾವು ಏರಿದರೂ ಇಳಿದರೂ ಸೊಪ್ಪು ಕೆಟ್ಟು, ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಕಣ್ಣು ಮುಚ್ಚದಂತೆ ಕಾಯುತ್ತಿದ್ದದ್ದು ಚೈನಾ ಸೆಟ್ಟಿನ ದೊಡ್ಡ ಸ್ಪೀಕರು. ಅಲ್ಲಿಂದ ತುಸು ದೂರದ ರುದ್ರಪಟ್ಟಣ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಸಂಗೀತದ ಊರು. ಅವರು ಕೇಳಿದ್ದರೆ ಆ ಕೀರಲು ದನಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರೇನೋ. ನಿದ್ದೆಗೆಟ್ಟವನಿಗೆ ಶ್ರುತಿ ಯಾವ ಲೆಕ್ಕ?

ಇದೆಲ್ಲ ಕದ್ದ ಮಾಲು, ಒಪ್ಪುತ್ತೇನೆ. ಹಾಡು ಬರೆದವರಿಗೂ ಹಾಡಿದವರಿಗೂ ಅದರಿಂದ ಕಾಸು ಹುಟ್ಟಲಿಲ್ಲ. ದುಡ್ಡು ಕೊಟ್ಟು ನ್ಯಾಯವಾಗಿ ಕೊಳ್ಳುವ ದಾರಿಯೂ ತಡವಾಗಿ ತೆರೆಯಿತು. ಫ್ಲಿಪ್‌ಕಾರ್ಟ್‌ನವರು 2012ರಲ್ಲಿ ಫ್ಲೈಟ್ ಎಂಬ ಹಾಡಿನಂಗಡಿ ಶುರುಮಾಡಿ ಮರುವರ್ಷವೇ ಮುಚ್ಚಿದರು. ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. ಇವೆರಡರ ಸುದ್ದಿ ನಮ್ಮ ತಾಲ್ಲೂಕುಗಳಿಗೆ ಮುಟ್ಟುವ ಮೊದಲೇ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಡೇಟಾ ಪುಕ್ಕಟೆಯಾಯಿತು, ಕಾರ್ಡು ಹಿಡಿದು ಹೋಗುವವರು ಇಲ್ಲವಾದರು. ಅಂಗಡಿ ಹುಡುಗರು ಟೆಂಪರ್ಡ್ ಗ್ಲಾಸ್ ಅಂಟಿಸಲು ಕೂತರು.

ಸಿನಿಮಾ ಹಾಡಿಗೆ ಅಳುವುದು ಬೇಕಿಲ್ಲ, ಅವೆಲ್ಲ ಆ್ಯಪ್‌ನಲ್ಲಿ ಇನ್ನೂ ಚೆನ್ನಾಗಿ ಕೇಳುತ್ತವೆ. ನನ್ನ ಸಂಕಟ ಬೇರೆ. ನಮ್ಮ ಕಡೆ ಬೇಸಿಗೆ ಬಂತೆಂದರೆ ಊರೂರಲ್ಲಿ ಕುರುಕ್ಷೇತ್ರ ನಾಟಕ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ಪಳಗಿ, ಪಾತ್ರಕ್ಕೆ ದುಡ್ಡು ಕಟ್ಟಿ, ತೆಂಗಿನ ತೋಟದ ಯಜಮಾನನೊಬ್ಬ ಬೆಳಗಿನ ಜಾವದವರೆಗೆ ದುರ್ಯೋಧನನಾಗಿ ಹಾಡುತ್ತಿದ್ದ. ಯಾರೋ ಅದನ್ನು ಮೊಬೈಲಿಗೆ ಹಿಡಿದು ಮಾರನೇ ದಿನ ಅಂಗಡಿಯ ಕಂಪ್ಯೂಟರಿಗೆ ಹಾಕಿಸುತ್ತಿದ್ದರು. ಅಲ್ಲಿಂದ ಅದು ಕಾರ್ಡಿಂದ ಕಾರ್ಡಿಗೆ, ಟ್ರ್ಯಾಕ್ಟರಿಂದ ಟ್ರ್ಯಾಕ್ಟರಿಗೆ ದಾಟಿ ನಾಲ್ಕು ತಾಲ್ಲೂಕು ಸುತ್ತುತ್ತಿತ್ತು. ಸೋಬಾನೆ, ಭಜನೆ, ತತ್ವಪದಗಳದ್ದೂ ಇದೇ ದಾರಿ. ಯಾವ ಕಂಪನಿಗೂ ಸೇರದ ಈ ಹಾಡುಗಳಿಗೆ ಉಗ್ರಾಣ ಇದ್ದದ್ದು ಆ ಅಂಗಡಿಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ವೈರಸ್ ಬಂದಾಗ ಫಾರ್ಮ್ಯಾಟ್ ಆಗಿಯೋ, ಹಳೇ ಕಂಪ್ಯೂಟರಿನ ಜತೆ ಗುಜರಿಗೆ ಬಿದ್ದೋ ಅವು ಹೋದವು. ಯಾರೂ ಎತ್ತಿಡಲಿಲ್ಲ, ಎತ್ತಿಡುವಂಥದ್ದು ಎಂದು ಯಾರಿಗೆ ಹೊಳೆದಿತ್ತು?

ಈಗ ಆ್ಯಪ್‌ನಲ್ಲಿ ಕುರುಕ್ಷೇತ್ರ ಎಂದು ಹುಡುಕಿದರೆ ದರ್ಶನ್ ದುರ್ಯೋಧನನಾದ 2019ರ ಸಿನಿಮಾ ಎದುರಾಗುತ್ತದೆ. ಚೆನ್ನಾಗಿಯೇ ಇದೆ. ಆದರೆ ಮೂರನೇ ಕಂದಕ್ಕೆ ದನಿ ಒಡೆದು, ಮೇಷ್ಟ್ರು ಹಾರ್ಮೋನಿಯಂ ಮೇಲಿನಿಂದ ಕತ್ತೆತ್ತಿ ‘ಇನ್ನೊಂದ್ಸಲ ಎತ್ಕಳಿ ಗೌಡ್ರೇ’ ಅಂದದ್ದು ಅದರಲ್ಲಿಲ್ಲ.